ಎರಡು ವರ್ಷ ದೊಡ್ಡವನಾದ ನನ್ನ ತಮ್ಮ

ಬೇವಿನ ಹೂವಿನ ವಾಸನೆ ಬಂದರೆ ಮಂದಿಗೆ ಯುಗಾದಿ ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಹೋದ ವಾರ ಅಂಗನವಾಡಿಯ ತೂಕದ ಯಂತ್ರ ರಿಪೇರಿಗೆ ಕೊಡಲು ರಾವೂರಿನಿಂದ ಚಿತ್ತಾಪುರಕ್ಕೆ ಹೋಗಿದ್ದೆ. ಬಸ್ಸು ಇಳಿದು ಕೋರ್ಟಿನ ಮುಂದಿನ ದಾರಿ ಹಿಡಿದೆ. ಕಂಪೌಂಡಿನೊಳಗಿನ ಬೇವಿನ ಮರಗಳು ಹೂ ಬಿಟ್ಟಿದ್ದವು. ಮರದ ಕೆಳಗೆ ಟೈಪು ಮಾಡುವವರ ಮೇಜುಗಳು, ಅವುಗಳ ಸುತ್ತ ಕಾಗದ ಹಿಡಿದು ನಿಂತ ಜನ, ಗೇಟಿನ ಬಾಜೂಕ್ಕೆ ಸುಸಲಾ ಮಿರ್ಚಿ ಮಾರುವ ಬಂಡಿ. ಎಲ್ಲ ಹಾಗೇ ಇತ್ತು. ಯಂತ್ರವನ್ನು ಕಂಕುಳಲ್ಲಿ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ಒಬ್ಬ ಹುಡುಗಿ ಬಂದು, "ಅಮ್ಮಾ, ಯಾವ ವಕೀಲರು ಬೇಕ್ರಿ?" ಅಂದಳು. "ಯಾರೂ ಬ್ಯಾಡ ಹೋಗು" ಎಂದು ಬೈದೆ. ಪಾಪ, ಆಕೆ ಏನು ಮಾಡಿದ್ದಳು.

ಮೂರು ವರ್ಷದ ಹಿಂದಿನ ಬೇಸಿಗೆ ಅದು. ಆ ಬೇಸಿಗೆಯಲ್ಲಿ ನನ್ನ ತಮ್ಮನಿಗೆ ಏನಾಯಿತು ಎಂಬುದು ನಮ್ಮ ಓಣಿಗೆಲ್ಲ ಗೊತ್ತು. "ಕೋರ್ಟಿನವರು ಕೇಳಲಿಲ್ಲ, ನಸೀಬು" ಎಂದು ನಾನೇ ಮನೆಮನೆಗೆ ಹೇಳಿ ಬಂದಿದ್ದೆ. ಅದು ಸುಳ್ಳು. ಕೋರ್ಟಿನವರು ಕೇಳಿದರು. ಎರಡು ಸಲ ಕೇಳಿದರು.

ನನ್ನ ತಮ್ಮ ಅಶೋಕ ಗಣಿ ಇಂಜಿನಿಯರ್. ನೆಲದಲ್ಲಿ ಎಲ್ಲಿ ಕೊರೆಯಬೇಕು, ಎಷ್ಟು ಮದ್ದು ತುಂಬಬೇಕು, ಸಿಡಿದ ಕಲ್ಲು ಎತ್ತ ಬೀಳಬೇಕು, ಹತ್ತಿರದ ಊರಿನ ಗೋಡೆ ಬಿರಿಯದ ಹಾಗೆ ಹೇಗೆ ಸಿಡಿಸಬೇಕು, ಇದು ಅವನ ವಿದ್ಯೆ. ನಮ್ಮ ಅಪ್ಪ ಅವ್ವ ಇದೇ ರಾವೂರಿನ ಖಣಿಯಲ್ಲಿ ಹಾರೆ ಹಾಕಿ ಮನೆಗಳಿಗೆ ಹಾಸುವ ಪರ್ಸಿ ಕಲ್ಲು ಎಬ್ಬಿಸಿದವರು. ಅವ್ವನ ಎರಡೂ ಅಂಗೈ ಸುಟ್ಟ ರೊಟ್ಟಿಯ ಹಾಗೆ ಇದ್ದವು. ಅವರ ಮಗ ಅದೇ ಕಲ್ಲನ್ನು ಕಾಗದದ ಮೇಲೆ ಗೆರೆ ಹಾಕಿ ಎಬ್ಬಿಸುತ್ತಾನೆ. ರಾಜಸ್ಥಾನದ ಗಣಿಗಳಲ್ಲಿ ಬಹಳ ವರ್ಷ ಇದ್ದು, ಆಮೇಲೆ ಸೇಡಂ ಕಡೆಯ ಒಂದು ಸಿಮೆಂಟ್ ಕಾರ್ಖಾನೆಗೆ ಬಂದ. ಅಲ್ಲಿಯೇ ಕಾಲೊನಿಯಲ್ಲಿ ಹೆಂಡತಿ ಸವಿತಾ, ಒಬ್ಬಳು ಮಗಳ ಜೊತೆ ಇದ್ದಾನೆ.

ನಾನು ಅವನಿಗಿಂತ ಐದು ವರ್ಷ ದೊಡ್ಡವಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಚಿಂಚೋಳಿಗೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ತಿರುಗಿ ರಾವೂರಿಗೆ ಬಂದೆ. ಇಲ್ಲಿನ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳನ್ನು ಮನೆಯಿಂದ ಕರೆತರುವುದು, ಅಡಿಗೆ ಮಾಡುವುದು, ಉಣ್ಣಿಸುವುದು, ಕುಂಡಿ ತೊಳೆಯುವುದು ನನ್ನ ಕೆಲಸ. ಈಗ ಮಗಳು ಶಹಾಬಾದಿನಲ್ಲಿ ಗಂಡನ ಮನೆಯಲ್ಲಿದ್ದಾಳೆ.

ಆ ಬೇಸಿಗೆಯ ಹಿಂದಿನ ವರ್ಷ ಸಂಕ್ರಾಂತಿಗೆ ಅಶೋಕ ಒಬ್ಬನೇ ಬಂದ. ನಾನು ಅಂಗಳದಲ್ಲಿ ತೊಗರಿ ಹಸನ ಮಾಡುತ್ತಾ ಕುಳಿತಿದ್ದೆ. ಬಂದವನು ತಾನೂ ಒಂದು ಮೊರ ತೆಗೆದುಕೊಂಡು ಕುಳಿತ.

"ಅಕ್ಕ, ಆಸ್ಟ್ರೇಲಿಯಾಕ್ಕ ಅರ್ಜಿ ಹಾಕ್ಲಿಕತ್ತೀನಿ."

"ಎಷ್ಟು ದಿನಕ್ಕ?"

"ದಿನಕ್ಕಲ್ಲ. ಖಾಯಂ ಇರ್ಲಿಕ್ಕ. ಪಿ.ಆರ್. ಅಂತಾರ ಅದಕ್ಕ. ನನ್ನಂಥ ಕೆಲ್ಸ ಬರೋರು ಅವ್ರಿಗಿ ಬೇಕಾಗ್ಯಾರ."

"ಅಲ್ಲಿ ಸುಣ್ಣದ ಕಲ್ಲು ಅದ ಏನು?"

"ಕಬ್ಬಿಣ ಅದ, ಬಂಗಾರ ಅದ. ಕಲ್ಲು ಎಲ್ಲಿ ಹೋದ್ರೂ ಕಲ್ಲೇ ಅಕ್ಕ. ಮಂದಿ ಬ್ಯಾರೆ ಇರ್ತಾರ."

ಕೊನೆಯ ಮಾತು ಹೇಳುವಾಗ ಅವನು ತಲೆ ಎತ್ತಲಿಲ್ಲ. ನಾನು ಬಿಡಲಿಲ್ಲ, ಕೇಳಿದೆ. ಆಗ ಹೇಳಿದ. ಹೊರಗಿನಿಂದ ಬಂದ ಒಬ್ಬ ಹುಡುಗನಿಗೆ ಇವನು ಎರಡು ವರ್ಷ ಕೈ ಹಿಡಿದು ಕೆಲಸ ಕಲಿಸಿದ್ದ. ಆ ಹುಡುಗ ಈಗ ಇವನ ಮೇಲೆ ಸಾಹೇಬ. ಧೂಳಿನ ಸಲುವಾಗಿ ಹಳ್ಳಿಯವರು ಲಾರಿ ತಡೆದು ಕುಳಿತಾಗ ಆ ಸಾಹೇಬ ಎಲ್ಲರ ಮುಂದೆ, "ಅಶೋಕ, ನೀ ಹೋಗು. ನಿನ್ನ ಮಂದೀನೇ ಅಲ್ಲೇನು, ನಿನ್ನ ಮಾತು ಕೇಳ್ತಾರ" ಎಂದು ಕಳಿಸುತ್ತಾನೆ. ಕಲ್ಲಿನ ನಕಾಶೆ ಬಂದಾಗ ಕರೆಯುವುದಿಲ್ಲ, ಓಣಿಯ ಜಗಳ ಬಂದಾಗ ಕರೆಯುತ್ತಾರೆ.

"ನಂಗ ನೆಲದ ಹೊಟ್ಟ್ಯಾಗ ಏನದ ಗೊತ್ತದ ಅಕ್ಕ" ಅಂದ. "ಅವ್ರಿಗಿ ನನ್ನ ಓಣಿ ಯಾವುದು ಅಷ್ಟೇ ಗೊತ್ತದ."

ನನಗೆ ಮೈ ಉರಿಯಿತು. "ಹೋಗು ತಮ್ಮಾ. ನಾಳಿನೇ ಹೋಗು. ಇವ್ರ ಬಾಯಾಗ ಮಣ್ಣು ಹಾಕಿ ಹೋಗು" ಅಂದೆ. ಮನಸ್ಸಿಟ್ಟು ಅಂದಿದ್ದೆ. ಅವನು ಹೋಗುವುದು ಬೇಡ ಎಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ.

ಅರ್ಜಿ ಅಂದರೆ ನಾನು ರೇಷನ್ ಕಾರ್ಡಿನ ಅರ್ಜಿಯಂಥದ್ದು ಅಂದುಕೊಂಡಿದ್ದೆ. ಅದು ಒಂದು ಯಜ್ಞ. ಮೊದಲು ಅಲ್ಲಿಯ ಇಂಜಿನಿಯರುಗಳು ಇವನು ಮಾಡಿದ ಕೆಲಸವನ್ನೆಲ್ಲ ಓದಿ, ಹೌದು, ಇವನು ಬಲ್ಲವನು ಎಂದು ಬರೆದುಕೊಡಬೇಕು. ಅದಕ್ಕಾಗಿ ಹದಿನೈದು ವರ್ಷದ ಕೆಲಸವನ್ನು ಪುಟಪುಟ ಬರೆದ. ಆಮೇಲೆ ಇಂಗ್ಲಿಷ್ ಪರೀಕ್ಷೆ. ಅದಕ್ಕೆ ಹೈದರಾಬಾದಿಗೆ ಹೋದ. ಹೋಗುವ ಮುಂಚೆ ಆದಿತ್ಯವಾರ ನಮ್ಮ ಮನೆಗೆ ಬಂದು, ನಾನು ರೊಟ್ಟಿ ಬಡಿಯುವಾಗ ಒಲೆಯ ಮುಂದೆ ಕುಳಿತು ಗಟ್ಟಿಯಾಗಿ ಇಂಗ್ಲಿಷ್ ಮಾತಾಡುತ್ತಿದ್ದ. "ಒಲಿ ಕೇಳಲಿಕತ್ತದ, ಬಿಡಬ್ಯಾಡ, ಮಾತಾಡು" ಎಂದು ನಗಿಸುತ್ತಿದ್ದೆ. ಪರೀಕ್ಷೆ ಮುಗಿಸಿ ಬಂದವನು ಹೇಳಿದ: "ನಿನಗ ದಾರಿ ತೋರ್ಸಿದ ಮನುಷ್ಯಾರ ಬಗ್ಗೆ ಎರಡು ನಿಮಿಷ ಹೇಳು ಅಂದ್ರು. ನಿನ್ನ ಬಗ್ಗೆ ಹೇಳೀನಿ. ನನ್ನನ್ನ ತನ್ನ ಟೊಂಕದ ಮ್ಯಾಲ ಕುಂದ್ರಿಸ್ಕೊಂಡು ಸಾಲಿಗಿ ಒಯ್ತಿದ್ದಳು ಅಂತ. ಟೊಂಕಕ್ಕ ಇಂಗ್ಲಿಷಿನಾಗ ಏನಂತಾರ ಜಲ್ದಿ ನೆನಪಾಗಲಿಲ್ಲ, ಕೈ ಮಾಡಿ ತೋರಿಸ್ದೆ."

ಎರಡರಲ್ಲೂ ಪಾಸಾದ. ಹೆಸರು ಪಟ್ಟಿಗೆ ಹೋಯಿತು. ಆ ದೇಶದವರು ಆಗಾಗ ಒಂದೊಂದು ಪಾಳಿಯಲ್ಲಿ ಇಷ್ಟು ಜನ ಎಂದು ಕರೆಯುತ್ತಾರಂತೆ. ಎರಡು ಪಾಳಿ ಹೋದವು, ಇವನ ಹೆಸರು ಬರಲಿಲ್ಲ. ಕಾಯ್ದರೆ ಬಂದೇ ಬರುತ್ತದೆ ಎಂದು ತಿಳಿದವರು ಹೇಳಿದರು. ಆದರೆ ಕಾಯಲು ಹೊತ್ತಿರಲಿಲ್ಲ. ನಲವತ್ತೈದು ತುಂಬುವುದರೊಳಗೆ ಕರೆ ಬರಬೇಕು. ತುಂಬಿದ ದಿನ ಬಾಗಿಲು ಮುಚ್ಚಿದ ಹಾಗೆಯೇ. ಇವನ ಸಾಲಿಯ ದಾಖಲೆ, ಪಾಸ್‌ಪೋರ್ಟ್, ಎಲ್ಲದರಲ್ಲಿ ಇದ್ದ ಲೆಕ್ಕದ ಪ್ರಕಾರ ಬರುವ ಜೂನ್ ಒಂದಕ್ಕೆ ನಲವತ್ತೈದು.

"ಖರೇ ಅಂದ್ರ ನಂಗ ನಲ್ವತ್ಮೂರು" ಅಂದ. "ಯಾವ ಮಾಸ್ತರ ಎರಡು ವರ್ಷ ಕೂಡ್ಸಿ ಬರ್ದಾನೋ ಏನೋ. ಎರಡು ವರ್ಷ ಅಕ್ಕ! ಎರಡು ವರ್ಷದಾಗ ಹತ್ತು ಪಾಳಿ ಬರ್ತಾವ."

ಕೂಡಿಸಿದವರು ಯಾರು ಎಂದು ನನಗೆ ಗೊತ್ತಿತ್ತು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವನನ್ನು ಟೊಂಕದ ಮೇಲೆ ಹೊತ್ತು ಸಾಲಿಗೆ ಹೋಗುತ್ತಿದ್ದೆ. ಅವ್ವ ಖಣಿಗೆ ಹೋದರೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಹೊಸದಾಗಿ ಬಂದ ಹೆಡ್ ಮಾಸ್ತರರು, "ಕೂಸು ತಂದ್ರ ನೀನೂ ಬರಬ್ಯಾಡ" ಅಂದರು. ಇವನ ಹೆಸರೂ ಸಾಲಿಯಲ್ಲಿ ಹಚ್ಚಿದರೆ ಆ ತ್ರಾಸು ಇರುವುದಿಲ್ಲ ಎಂದು ನನ್ನ ಒಂಬತ್ತು ವರ್ಷದ ತಲೆಗೆ ಹೊಳೆಯಿತು. ಆಗ ಹುಟ್ಟಿದ ಕಾಗದ ಯಾರ ಮನೆಯಲ್ಲೂ ಇರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡ ಕಿವಿ ಮುಟ್ಟಿದರೆ ಆರು ವರ್ಷ ತುಂಬಿದೆ ಎಂದು ಲೆಕ್ಕ. ಅವನಿಗೆ ನಾಲ್ಕು. ಬೆರಳು ಕಿವಿಯಿಂದ ಅಷ್ಟು ದೂರ ನಿಂತವು. ಮಾಸ್ತರರು ರಿಜಿಸ್ಟರ್ ತೆಗೆಯಲು ಆಚೆ ತಿರುಗಿದಾಗ ನಾನು ಅವನ ತಲೆಯನ್ನು ಎಡಕ್ಕೆ ಒತ್ತಿ, ಮೊಣಕೈ ಹಿಡಿದು ಜಗ್ಗಿದೆ. ಅವನು ಅಳಲಿಲ್ಲ. ಬೆರಳ ತುದಿ ಕಿವಿಗೆ ತಾಕಿತು. ಮಾಸ್ತರರು ನೋಡಿದರು, ಎಲ್ಲರಿಗೂ ಬರೆಯುವ ಹಾಗೆ ಜೂನ್ ಒಂದು ಎಂದು ಬರೆದು, ವರ್ಷ ಲೆಕ್ಕ ಹಾಕಿದರು. ಆ ವರ್ಷವೇ ನಾನು ಸಾಲಿ ಬಿಟ್ಟೆ. ಅವನು ಉಳಿದ.

ಇದನ್ನು ಅವನಿಗೆ ಹೇಳಿದೆ. ನಕ್ಕು ನಕ್ಕು ಬಿದ್ದ. "ಹಂಗಾರ ನೀನೇ ಕಳ್ಳಿ! ನೀನೇ ಕೊಟ್ಟಿ, ನೀನೇ ತಿರುಗಿ ತಗೋ" ಅಂದ.

ಚಿತ್ತಾಪುರದಲ್ಲಿ ಒಬ್ಬ ವಕೀಲರನ್ನು ಹಿಡಿದ. ಹುಟ್ಟಿದ ನೋಂದಣಿ ಇಲ್ಲದವರು ಕೋರ್ಟಿಗೆ ಅರ್ಜಿ ಹಾಕಿ ಆದೇಶ ಪಡೆಯಬಹುದು, ಆದೇಶ ಬಂದರೆ ಜನನ ಪತ್ರ, ಅದರ ಮೇಲೆ ಪಾಸ್‌ಪೋರ್ಟ್ ತಿದ್ದಿಸಬಹುದು ಎಂದು ಅವರು ಹೇಳಿದರು. ಅಪ್ಪ ಅವ್ವ ಇಲ್ಲ, ಸೂಲಗಿತ್ತಿ ಸತ್ತು ಎಷ್ಟೋ ವರ್ಷವಾಯಿತು. ಇವನು ಹುಟ್ಟಿದ್ದನ್ನು ಕಂಡವಳು ನಾನೊಬ್ಬಳೇ. ನನ್ನ ಸಾಕ್ಷಿಯ ಮೇಲೆಯೇ ಎಲ್ಲ ನಿಂತಿತ್ತು.

ವಕೀಲರು ನನ್ನ ಆಧಾರ್ ಕಾರ್ಡು ಕೇಳಿದರು. ಕೊಟ್ಟೆ. ಕನ್ನಡಕ ಏರಿಸಿ ನೋಡಿದರು, ತಿರುಗಿ ನನ್ನ ಮುಖ ನೋಡಿದರು.

"ಏನಮ್ಮಾ ಇದು? ಇದರಾಗ ನೀವೇ ಇವ್ರಕಿಂತ ಎರಡು ವರ್ಷ ಸಣ್ಣಾಕಿ ಅದೀರಲ್ಲ?"

ಅಶೋಕನೇ ನಕ್ಕು ಉತ್ತರ ಕೊಟ್ಟ. "ನಮ್ಮ ಕಡಿ ಯಾರ ಆಧಾರ್ ಬರೋಬರ್ ಅದರಿ ಸರ್? ಬರ್ಕೊಂಡಾಂವ ಏನು ಕೇಳಿದ್ನೋ, ಇಕಿ ಏನು ಹೇಳಿದ್ಳೋ."

"ಹೋಗ್ಲಿ. ಕೋರ್ಟಿನಾಗ ಖರೇ ವಯಸ್ಸು ಹೇಳ್ರಿ. ಆಧಾರ್ ತಪ್ಪಾಗ್ಯದ ಅನ್ರಿ, ಮುಗೀತು. ಕೋರ್ಟಿನಾಗ ಹೇಳಿದ್ದು ರೆಕಾರ್ಡ್ ಆಗ್ತದ, ಸಹಿ ಮಾಡ್ಬೇಕು, ಅಷ್ಟೇ."

ಅದು ತಪ್ಪಾಗಿ ಬಂದದ್ದಲ್ಲ. ನಾನು ಬೇಕೆಂದು ಮಾಡಿಸಿದ್ದು. ಅಂಗನವಾಡಿಗೆ ಸಹಾಯಕಿ ಬೇಕು ಎಂದು ಕರೆದಾಗ ಮೂವತ್ತೈದರೊಳಗಿನವರು ಮಾತ್ರ ಎಂದಿತ್ತು. ನನಗೆ ಮೂವತ್ತೊಂಬತ್ತು. ಗಂಡ ಸತ್ತು, ಮಗಳು ಸಾಲಿಯಲ್ಲಿ, ನಾನು ಮಂದಿಯ ಹೊಲದಲ್ಲಿ. ನಮ್ಮ ಸಾಲಿಯ ಹಳೆಯ ರಿಜಿಸ್ಟರು ಗೆದ್ದಲು ತಿಂದು ಹೋಗಿತ್ತು. ಒಬ್ಬ ದಲಾಲಿ ಸ್ಟಾಂಪ್ ಕಾಗದದ ಮೇಲೆ ಪ್ರಮಾಣ ಬರೆಸಿ, ಅದರ ಮೇಲೆ ನನ್ನನ್ನು ಐದು ವರ್ಷ ಸಣ್ಣವಳನ್ನಾಗಿ ಮಾಡಿ ಒಂದು ಸಾಲಿ ದಾಖಲೆ ಹುಟ್ಟಿಸಿದ. ಮೂವತ್ನಾಲ್ಕು. ಆಧಾರಿನಲ್ಲೂ ಅದನ್ನೇ ಬರೆಸಿದೆ. ನೌಕರಿ ಸಿಕ್ಕಿತು. ಅಶೋಕ ಆಗ ರಾಜಸ್ಥಾನದಲ್ಲಿದ್ದ. ಅವನಿಗೆ ಹೇಳಲಿಲ್ಲ. ಅವನು ಒಂದು ಸುಳ್ಳು ಬಿಲ್ಲಿಗೂ ಸಹಿ ಮಾಡದ ಮನುಷ್ಯ. ಫೋನಿನಲ್ಲಿ, "ನನ್ನ ಅಕ್ಕ ಸರಕಾರಿ ಮನುಷ್ಯಾಳಾದಳು" ಎಂದು ಕುಣಿದಿದ್ದ. ಅವನ ಆ ದನಿಯ ಮೇಲೆ ಹೇಗೆ ಹೇಳುವುದು?

ವಕೀಲರ ಕೋಣೆಯಲ್ಲಿ ಆವತ್ತು ಹೇಳಬಹುದಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕುಳಿತಿದ್ದೆವು, ಆಗ ಹೇಳಬಹುದಿತ್ತು. ರಾವೂರಿನ ಸ್ಟಾಪು ಬರುವವರೆಗೆ ಅವನು ಆ ದೇಶದ ಗಣಿಗಳ ಬಗ್ಗೆ ಹೇಳುತ್ತಾ ಬಂದ, ನಾನು ಹೂಂಗುಟ್ಟುತ್ತಾ ಬಂದೆ.

ನಮ್ಮ ಅಂಗನವಾಡಿ ಟೀಚರ್ ಸುನಂದಾ ಒಬ್ಬಳಿಗೆ ಮಾತ್ರ ನನ್ನ ಈ ಗುಟ್ಟು ಗೊತ್ತಿತ್ತು. ಮರುದಿನ ಮಕ್ಕಳು ಮಲಗಿದ ಮೇಲೆ ಆಕೆಗೆ ಎಲ್ಲ ಹೇಳಿದೆ. ಆಕೆ ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು.

"ಚಂದಮ್ಮಾ, ತಲಿ ನೆಟ್ಟಗದ ಇಲ್ಲೋ ನಿಂದು? ಕೋರ್ಟಿನಾಗ ನಲ್ವತ್ತೆಂಟು ಅಂತ ಹೇಳಿ ಸಹಿ ಮಾಡ್ತಿ. ನಿನ್ನ ಸರ್ವೀಸಿನಾಗ ನಲ್ವತ್ಮೂರು ಅದ. ನಿನ್ನ ಹಿಂದಿನ ನಂಬರಿನಾಕಿ ಇನ್ನೂ ಕುಂತಾಳ, ಮರ್ತೀಯಾ?"

ಮರೆತಿರಲಿಲ್ಲ. ಅದೇ ಕೆಲಸಕ್ಕೆ ಅರ್ಜಿ ಹಾಕಿ, ನನ್ನ ನಂತರದ ಹೆಸರಾಗಿ ಉಳಿದವಳು ಪಕ್ಕದ ಓಣಿಯಲ್ಲೇ ಇದ್ದಾಳೆ. ಹಾದುಹೋಗುವಾಗಲೆಲ್ಲ, "ಏನ್ ಚಂದಮ್ಮಾ, ದಿನಾ ಹೋದಂಗ ಸಣ್ಣಾಕಿ ಆಗ್ಲಿಕತ್ತೀಯಲ್ಲ!" ಎಂದು ಕುಕ್ಕುತ್ತಾಳೆ.

"ಹಂಗಾರ ಏನ್ ಮಾಡ್ಲಿ?" ಅಂದೆ.

"ನಿನ್ನ ತಮ್ಮಗ ಹೇಳು. ಖರೇ ಹೇಳಿ, ನನ್ನ ಕೈಲೆ ಆಗಲ್ಲ ಅನ್ನು. ಅಂವ ಶ್ಯಾಣ್ಯಾ ಮನುಷ್ಯ, ಬ್ಯಾರೆ ದಾರಿ ಹುಡುಕ್ತಾನ."

ಆಕೆ ಸರಿಯಾಗಿಯೇ ಹೇಳಿದ್ದಳು. ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಮೂರು ವರ್ಷದಿಂದ ನನ್ನನ್ನು ನಾನೇ ಹಿಡಿದು ಕೇಳುತ್ತಿದ್ದೇನೆ. ಹೇಳಿದರೆ ಅವನು, "ಆ ಕೆಲ್ಸ ಬಿಡು ಅಕ್ಕ, ನಾ ನಿನ್ನ ನೋಡ್ಕೊಂತೀನಿ" ಅನ್ನುತ್ತಿದ್ದ. ಅದನ್ನೇ ಅನ್ನುತ್ತಿದ್ದ, ನನಗೆ ಗೊತ್ತು. ಅದು ನನಗೆ ಬೇಕಿರಲಿಲ್ಲ. ಮುಂಜಾನೆ ನಾನು ಕೀಲಿ ತೆಗೆಯುವ ಬಾಗಿಲು ಅದೊಂದೇ. ಇಪ್ಪತ್ತು ಮಕ್ಕಳು "ಆಯಾ" ಎಂದು ಕಾಲಿಗೆ ಸುತ್ತಿಕೊಳ್ಳುವ ಜಾಗ ಅದೊಂದೇ. ಹುಟ್ಟಿದಾಗಿನಿಂದ ಯಾರದೋ ಮಗಳು, ಯಾರದೋ ಹೆಂಡತಿ, ಇಂಜಿನಿಯರನ ಅಕ್ಕ. ಅಲ್ಲಿ ಮಾತ್ರ ನಾನು ನಾನೇ. ಅದನ್ನು ಕೊಟ್ಟು ಅವನನ್ನು ಕಳಿಸಬೇಕು, ಕಳಿಸಿ ಅವನ ಅನ್ನಕ್ಕೆ ಕಾಯಬೇಕು.

ನೌಕರಿಯ ಅಂಜಿಕೆ ಒಂದೇ ಎಂದರೆ ಅದೂ ಸುಳ್ಳಾಗುತ್ತದೆ. ಇನ್ನೊಂದು ಇತ್ತು. ನಾನು ಸಾಲಿ ಬಿಟ್ಟೆ, ಅವನು ಕಲಿತ. ಅವನು ಊರು ಬಿಟ್ಟ, ನಾನು ಊರಿಗೆ ತಿರುಗಿ ಬಂದೆ. ಈಗ ಅವನು ದೇಶವನ್ನೇ ಬಿಡುತ್ತಾನೆ, ಅದಕ್ಕೂ ನನ್ನದೇ ಬೆನ್ನು ಮೆಟ್ಟಿಲು ಆಗಬೇಕೇ ಎಂದು ಒಳಗೆ ಯಾರೋ ಕೇಳುತ್ತಿದ್ದರು. ಆ ದನಿಯ ಬಾಯಿಯನ್ನು ನಾನು ಮುಚ್ಚಿಸಲಿಲ್ಲ.

ಬಿಸಿಲು ಏರಿತು. ನಮ್ಮ ಮನೆಗಳ ಮಾಳಿಗೆಗೆ ಹಾಸಿದ್ದು ಪರ್ಸಿ ಕಲ್ಲು, ಹಗಲೆಲ್ಲ ಕಾಯ್ದು ಹೆಂಚಾಗುತ್ತದೆ. ಆ ತಿಂಗಳು ನಾನು ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಮಕ್ಕಳ ಮೇಲೆ, ಹಾಲಿನ ಪುಡಿ ತರುವವನ ಮೇಲೆ, ಫೋನಿನಲ್ಲಿ ಮಗಳ ಮೇಲೆ. "ಬಿಸಿಲಿಗಿ ತಲಿ ಕೆಟ್ಟದ ನಿಂದು" ಎಂದು ಮಗಳು ಫೋನ್ ಇಟ್ಟುಬಿಟ್ಟಳು.

ಕೋರ್ಟಿನ ದಿನ ಅಶೋಕ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಬೇವಿನ ಹೂವು ಉದುರಿ ಅವನ ಹೆಗಲ ಮೇಲೆ ಬಿದ್ದಿತ್ತು. ನಾನೇ ಝಾಡಿಸಿದೆ. "ಅಂಜಬ್ಯಾಡ. ಮನ್ಯಾಗ ಹೇಳ್ದಂಗ ಹೇಳು" ಅಂದ. ವಾಸನೆ ಮೂಗಿಗೆ ಅಡರಿತ್ತು. ಅವತ್ತಿನಿಂದ ಆ ವಾಸನೆ ನನಗೆ ಆಗುವುದಿಲ್ಲ.

ಒಳಗೆ ಕಟಕಟೆ ಹತ್ತಿಸಿದರು. ಸತ್ಯವನ್ನೇ ಹೇಳುತ್ತೇನೆ ಎಂದು ಹೇಳಿಸಿದರು. ಹೇಳಿದೆ. ಹೆಸರು ಕೇಳಿದರು. ಹೇಳಿದೆ. ಕೆಲಸ ಕೇಳಿದರು. "ಅಂಗನವಾಡಿ ಸಹಾಯಕಿ ಅದೀನ್ರಿ" ಅಂದೆ. ಕೆಳಗೆ ಕುಳಿತ ಹುಡುಗಿ ಟಕಟಕ ಬರೆದಳು. ಆ ಸಪ್ಪಳ ಕೇಳಿದ ಕೂಡಲೇ, ಹೇಳಿದ್ದೆಲ್ಲ ರೆಕಾರ್ಡ್ ಆಗುತ್ತದೆ ಎಂದು ವಕೀಲರು ಹೇಳಿದ್ದು ನೆನಪಾಯಿತು.

"ವಯಸ್ಸು?"

"ನಲ್ವತ್ಮೂರು."

ವಕೀಲರು ತಟ್ಟನೆ ತಲೆ ಎತ್ತಿದರು. "ವಿಚಾರ ಮಾಡಿ ಹೇಳ್ರಮ್ಮಾ" ಅಂದರು. ನಾನು ಅವರ ಕಡೆ ನೋಡಲಿಲ್ಲ.

"ಈ ಅರ್ಜಿದಾರರು ನಿಮಗೇನಾಗಬೇಕು?"

ಅಶೋಕ ಹಿಂದಿನ ಬೆಂಚಿನಲ್ಲಿ ಫೈಲನ್ನು ಎದೆಗೆ ಹಿಡಿದುಕೊಂಡು ಕುಳಿತಿದ್ದ. ನನ್ನನ್ನೇ ನೋಡುತ್ತಿದ್ದ. ಸಣ್ಣವನಿದ್ದಾಗ ಬುತ್ತಿ ಬಿಚ್ಚುವುದನ್ನು ನೋಡುತ್ತಿದ್ದ ಹಾಗೆ.

"ಅಣ್ಣ" ಅಂದೆ.

ಮೇಲೆ ಕುಳಿತ ಸಾಹೇಬರು ಕಾಗದದಿಂದ ಕಣ್ಣೆತ್ತಿದರು. ಒಳ್ಳೆಯ ಮನುಷ್ಯರೇ ಇದ್ದರು. ಸಾವಕಾಶವಾಗಿ ಕೇಳಿದರು. "ಗಾಬರಿ ಆಗಬೇಡಮ್ಮ. ಅಣ್ಣನೋ, ತಮ್ಮನೋ? ಸರಿಯಾಗಿ ಹೇಳು."

ಅದು ನನಗೆ ಸಿಕ್ಕ ಎರಡನೆಯ ಅವಕಾಶ. ನಾನು ಸರಿಯಾಗಿಯೇ ಹೇಳಿದೆ. ಒಂದೂ ಅಕ್ಷರ ತಪ್ಪಲಿಲ್ಲ.

"ಅಣ್ಣರಿ ಸಾಹೇಬ್ರ. ನನಗಿಂತ ಎರಡು ವರ್ಷ ದೊಡ್ಡಾಂವ."

"ಏನ್ರೀ ವಕೀಲರೇ" ಎಂದು ಸಾಹೇಬರು ಆ ಕಡೆ ತಿರುಗಿದರು, "ಅಣ್ಣ ಹುಟ್ಟಿದ್ದನ್ನ ತಂಗಿ ಹೇಗೆ ನೋಡಿದಳು?"

ಇಡೀ ಕೋರ್ಟು ನಕ್ಕಿತು. ಬಾಗಿಲಲ್ಲಿ ನಿಂತಿದ್ದ ಪೊಲೀಸಪ್ಪನೂ ನಕ್ಕ. ಅಶೋಕ ನಗಲಿಲ್ಲ. ಟೈಪು ಮಾಡಿದ ಕಾಗದ ತಂದು ನನ್ನ ಮುಂದಿಟ್ಟರು. ಸಹಿ ಮಾಡಿದೆ. ನನ್ನ ಸಹಿ ದುಂಡಗೆ ಚೆನ್ನಾಗಿದೆ ಎಂದು ಸುನಂದಾ ಯಾವಾಗಲೂ ಹೇಳುತ್ತಾಳೆ.

ಹೊರಗೆ ಬಂದ ಮೇಲೆ ವಕೀಲರು ನನ್ನನ್ನು ಬಾಯಿಗೆ ಬಂದ ಹಾಗೆ ಬೈದರು. ಅಶೋಕ ಅವರ ಕೈ ಹಿಡಿದು, "ಇರ್ಲಿ ಬಿಡ್ರಿ ಸರ್" ಅಂದ. ನನ್ನನ್ನು ಬಸ್ಸಿಗೆ ಹತ್ತಿಸಿದ. ಕಿಟಕಿಯ ಹತ್ತಿರ ಬಂದು ನೀರಿನ ಬಾಟಲಿ ಕೊಟ್ಟ.

ಎರಡು ದಿನ ಬಿಟ್ಟು ಫೋನ್ ಮಾಡಿದ. ಒಂದೇ ಮಾತು ಕೇಳಿದ. "ಯಾಕ ಅಕ್ಕ?"

ಅದು ಮೂರನೆಯ ಅವಕಾಶ. ಕಳ್ಳನಿಗೆ ಸಿಟ್ಟು ಜಾಸ್ತಿ ಅನ್ನುತ್ತಾರೆ, ಖರೇ ಮಾತು. ನಾನು ಫೋನಿನಲ್ಲಿ ಕೂಗಿದೆ.

"ನನ್ನ ಯಾಕ ಆ ಕಟಕಟಿ ಹತ್ತಿಸ್ದಿ? ಕೇಳಿದ್ಯಾ ನನ್ನ? ಸಾಲಿ ಕಲೀಲಾರದಾಕಿ ನಾ, ಅಷ್ಟು ಮಂದಿ ನಡುವ ನಿಲ್ಲಿಸ್ದಿ! ಬಾಯಿ ತಪ್ತು. ತಪ್ತಂದ್ರ ಏನ್ ಮಾಡ್ಲಿ, ನಾಲಿಗಿ ಕೊಯ್ಕೊಳ್ಳಲಾ? ಹೋಗೋದಾದ್ರ ಹೋಗು, ನನ್ನ ಯಾಕ ಎಳೀತಿ? ಹುಟ್ಟಿದಾಗಿಂದ ನಿನ್ನ ಹೊತ್ತೀನಿ, ಇನ್ನೂ ಎಷ್ಟು ಹೊರ್ಲಿ?"

"ಬಾಯಿ ತಪ್ಪಿದ್ರ ಒಮ್ಮಿ ತಪ್ತದ" ಅಂದು ಇಟ್ಟುಬಿಟ್ಟ.

ಬೇಸಿಗೆಯ ರಜೆ ಶುರುವಾಗುವ ಮುಂಚೆ ಅರ್ಜಿ ವಜಾ ಆಯಿತು. ಮೇಲಿನ ಕೋರ್ಟಿಗೆ ಹೋಗಬಹುದೇನೋ ಎಂದು ಸವಿತಾ ಕೇಳಿದ್ದಳಂತೆ. "ಒಡಹುಟ್ಟಿದಾಕಿನೇ ಹಿಂಗ ಹೇಳಿ ಸಹಿ ಮಾಡಿದ ಮ್ಯಾಲ ಯಾವ ಕೋರ್ಟಿನಾಗ ನಿಲ್ತದಮ್ಮಾ" ಅಂದರಂತೆ ವಕೀಲರು. ಮೇ ತಿಂಗಳಲ್ಲಿ ಇನ್ನೊಂದು ಪಾಳಿ ಆಯಿತು. ಅದರಲ್ಲೂ ಅವನ ಹೆಸರು ಬರಲಿಲ್ಲ.

ನಾನು ಯಾಕೆ ಹಾಗೆ ಹೇಳಿದೆ ಎಂಬುದು ಇವತ್ತಿಗೂ ಅಶೋಕನಿಗೆ ಗೊತ್ತಿಲ್ಲ. ಅವನು ಹೋಗುವುದು ಸೇರದೆ, ಹೊಟ್ಟೆಕಿಚ್ಚಿಗೆ ಹೇಳಿದೆ ಎಂದುಕೊಂಡಿದ್ದಾನೆ. ಅದು ಅರ್ಧ ಖರೇ. ಉಳಿದ ಅರ್ಧವನ್ನು ಇಲ್ಲಿ ಬರೆದಿದ್ದೇನೆ. ಇದನ್ನು ಓದಿ ಯಾರಾದರೂ ಕಚೇರಿಗೆ ಹೋಗಿ ಹೇಳುವುದಾದರೆ ಹೇಳಲಿ. ಪಕ್ಕದ ಓಣಿಯವಳು ಈ ಹಾಳೆಯನ್ನೇ ಹಚ್ಚಿ ಅರ್ಜಿ ಕೊಡಲಿ. ನನಗೀಗ ಐವತ್ತೊಂದು. ಅವನ ಅಕ್ಕ ನಾನು. ಅವನು ಹುಟ್ಟಿದಾಗ ಬಿಸಿನೀರು ಕಾಯಿಸಲು ಸೌದೆ ತಂದುಕೊಟ್ಟವಳು ನಾನು. ಈಗ ಇದನ್ನು ಎಷ್ಟು ಗಟ್ಟಿಯಾಗಿ ಹೇಳಿದರೂ ಆ ದೇಶದ ಬಾಗಿಲಿಗೆ ಕೇಳಿಸುವುದಿಲ್ಲ. ಇಷ್ಟು ಬರೆದ ಮೇಲೆ ಆ ಬೇಸಿಗೆಯ ಕೊನೆಯ ದಿನವನ್ನೂ ಬರೆಯಲೇಬೇಕು.

ಮೇ ಮುಗಿಯುವಾಗ ಸವಿತಾ ಫೋನ್ ಮಾಡಿದಳು. "ಅಕ್ಕಾ, ಒಂದನೇ ತಾರೀಕಿಗೆ ಬರ್ರಿ. ಕ್ಲಬ್ಬಿನಾಗ ಕೇಕ್ ಕೊಯ್ಸ್ತಾರಂತ. ಅವ್ರೇ ನಿಮ್ಮನ್ನ ಕರಿ ಅಂದಾರ."

"ಅಂವ ಅಂದ್ನಾ?"

"ಹೂಂ ರೀ. ಅಕ್ಕ ಬರ್ಲೇಬೇಕು ಅಂದಾರ."

ಮನಸ್ಸು ಹಗುರಾಯಿತು. ಸಿಟ್ಟು ಇಳಿದಿದೆ ಅಂದುಕೊಂಡೆ. ಹೊಸ ಸೀರೆ ಉಟ್ಟು, ಪುಂಡಿಪಲ್ಯ ಮಾಡಿ ಡಬ್ಬಿ ಕಟ್ಟಿಕೊಂಡು ವಾಡಿಯಿಂದ ರೈಲು ಹತ್ತಿ ಸೇಡಂಗೆ ಹೋದೆ.

ಆ ಕಾರ್ಖಾನೆಯಲ್ಲಿ ಈ ಕಡೆಯ ಊರುಗಳಿಂದ ಬಂದವರಲ್ಲಿ ಆರು ಜನಕ್ಕೆ ಜೂನ್ ಒಂದೇ ಹುಟ್ಟಿದ ದಿನ. ಒಬ್ಬ ಕುರಕುಂಟಾದವನು, ಒಬ್ಬ ಭಂಕೂರದವನು, ಹೀಗೆ. ಎಲ್ಲರೂ ಯಾವುದೋ ಸಾಲಿಯಲ್ಲಿ ನೆತ್ತಿಯ ಮೇಲಿಂದ ಕೈ ಹಾಯಿಸಿದವರು. ಆರು ಹೆಸರು ಬರೆದ ಒಂದೇ ಕೇಕು. ಅಶೋಕ ಕೆಲಸ ಕಲಿಸಿದ್ದ ಆ ಸಾಹೇಬ ಕೈಯಲ್ಲಿ ಚಾಕು ಹಿಡಿದು ಹಿಂದಿಯಲ್ಲಿ ಏನೋ ಅಂದ, ಎಲ್ಲರೂ ನಕ್ಕರು. ಈ ಸೀಮೆಯ ತಾಯಂದಿರೆಲ್ಲ ಒಂದೇ ದಿನ ಹಡೆಯುತ್ತಾರೇನು ಎಂದಿದ್ದ. ನನ್ನ ಅವ್ವ ಖಣಿಯಿಂದ ಬಂದು ಸಂಜೆ ಹಡೆದು, ತಿಂಗಳು ತುಂಬುವುದರೊಳಗೆ ತಿರುಗಿ ಖಣಿಗೆ ಹೋದವಳು. ಆ ಡಬ್ಬಿಯನ್ನು ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲು ನನಗೆ ಯಾವ ಮುಖ ಇತ್ತು? ಅವತ್ತು ಆ ಸಾಹೇಬನ ಕೈಕೆಳಗೆ ನನ್ನ ತಮ್ಮನನ್ನು ಉಳಿಸಿದವಳು ನಾನೇ.

ಆರೂ ಜನ ಕೇಕು ಕೊಯ್ದರು. ಚಪ್ಪಾಳೆ ಆಯಿತು. ನಲವತ್ತೈದು ಎಂದು ಯಾರೋ ಕೂಗಿ ಅಶೋಕನ ಬೆನ್ನು ಚಪ್ಪರಿಸಿದರು. ಅವನು ಒಂದು ತುಂಡು ತೆಗೆದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ನೇರ ನನ್ನ ಹತ್ತಿರ ಬಂದ. ಪಕ್ಕದಲ್ಲಿ ಕುಳಿತ ಒಬ್ಬ ಹೆಣ್ಣುಮಗಳು, ಅವನ ಜೊತೆ ಕೆಲಸ ಮಾಡುವವರ ಹೆಂಡತಿ ಇರಬೇಕು, ನನ್ನ ನರೆತ ತಲೆ ನೋಡಿ ಕೇಳಿದಳು.

"ಇವ್ರು ನಿಮ್ಮ ಅಕ್ಕಾವ್ರೇನ್ರಿ ಸರ್?"

"ಅಲ್ರಿ" ಅಂದ ಅಶೋಕ. "ತಂಗಿ. ನನಗಿಂತ ಎರಡು ವರ್ಷ ಸಣ್ಣಾಕಿ."

ಆಕೆ ಚೇಷ್ಟೆ ಅಂದುಕೊಂಡು ಕಿಲಕಿಲ ನಕ್ಕಳು. ಸವಿತಾ ಮುಖ ಆಚೆ ತಿರುಗಿಸಿದಳು. ಅಶೋಕ ಕೇಕಿನ ತುಂಡನ್ನು ನನ್ನ ಬಾಯಿಯ ಹತ್ತಿರ ಹಿಡಿದ.

"ತಿನ್ನು ತಂಗಿ."

ತಿಂದೆ. ಅವನು ಹೋಗಲಿಲ್ಲ, ಅಲ್ಲೇ ನಿಂತ. ಏನಕ್ಕೆ ನಿಂತಿದ್ದಾನೆ ಎಂದು ಒಂದು ಗಳಿಗೆ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಮ್ಮಲ್ಲಿ ಹುಟ್ಟಿದ ದಿನ, ಹಬ್ಬದ ದಿನ ಸಣ್ಣವರು ದೊಡ್ಡವರ ಕಾಲು ಮುಟ್ಟುತ್ತಾರೆ. ದೊಡ್ಡವರು ಸಣ್ಣವರ ಕಾಲು ಮುಟ್ಟುವುದು ಎಲ್ಲೂ ಇಲ್ಲ. ಮುಟ್ಟಲು ಹೋದರೂ ಸಣ್ಣವರು ಪಾಪ ಬರುತ್ತದೆಂದು ಹೌಹಾರಿ ಹಿಂದೆ ಸರಿಯುತ್ತಾರೆ.

ಡಬ್ಬಿಯನ್ನು ಕುರ್ಚಿಯ ಮೇಲೆ ಇಟ್ಟು ಎದ್ದೆ. ಅಷ್ಟು ಜನರ ನಡುವೆ, ಟೊಂಕದ ಮೇಲೆ ಹೊತ್ತು ತಿರುಗಿದ ನನ್ನ ತಮ್ಮನ ಎದುರು ಬಗ್ಗಿದೆ, ಎರಡೂ ಕೈಯಿಂದ ಅವನ ಕಾಲು ಮುಟ್ಟಿದೆ.

ಅವನು ಕಾಲು ಹಿಂದೆ ತೆಗೆಯಲಿಲ್ಲ.